ಎಂಎಚ್ 370: ‘ಈಗ ಸೀಸನ್ ಅಲ್ಲ’ ಅಂತ ಹುಡುಕಾಟ ನಿಲ್ಲಿಸಿದ್ರಂತೆ. ನಿಮಗೇನನ್ನಿಸುತ್ತೆ?

ಜಯನಗರ_ನಾಲ್ಕನೇ_ಬ್ಲಾಕ್ | 3 ಏಪ್ರಿಲ್ 2025, ರಾತ್ರಿ 9:14

ಮಲೇಷ್ಯಾದ ಸಾರಿಗೆ ಸಚಿವ ಆಂಥೊನಿ ಲೋಕ್ ಇವತ್ತು ಹೇಳಿದ್ದು ಕೇಳಿದ್ರಾ? 2014ರಲ್ಲಿ ಕಾಣೆಯಾದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 370 ವಿಮಾನದ ಹುಡುಕಾಟ ಸದ್ಯಕ್ಕೆ ನಿಂತಿದೆ, ಈಗ ಸೀಸನ್ ಅಲ್ಲ, ವರ್ಷದ ಕೊನೆಗೆ ಮತ್ತೆ ಶುರುವಂತೆ. ಸಮುದ್ರದ ತಳ ಹುಡುಕುವ ಓಷನ್ ಇನ್ಫಿನಿಟಿ ಕಂಪನಿಗೆ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿದ್ದೇ ಕಳೆದ ತಿಂಗಳು. 15,000 ಚದರ ಕಿಲೋಮೀಟರ್ ಹೊಸ ಜಾಗ, ವಿಮಾನ ಸಿಕ್ಕರೆ 7 ಕೋಟಿ ಡಾಲರ್, ಸಿಗದಿದ್ದರೆ ಬಿಡಿಗಾಸೂ ಇಲ್ಲ.

ಈ ವಿಷಯ ನನ್ನನ್ನು ಬಿಟ್ಟು ಹೋಗಿಲ್ಲ, ಅದಕ್ಕೇ ಬರೀತಿದ್ದೀನಿ. 2014ರ ಮಾರ್ಚ್ 8, ಶನಿವಾರ. ಕೌಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಬೋಯಿಂಗ್ 777, ಒಳಗೆ 239 ಜನ, ಅದರಲ್ಲಿ ಐವರು ಭಾರತೀಯರು. ಸೋಮವಾರ ಆಫೀಸಿಗೆ ಹೋದರೆ ಎಲ್ಲರ ಬಾಯಲ್ಲೂ ಅದೇ. ಆಮೇಲೆ ಟಾಮ್‌ನಾಡ್ ಅಂತ ಒಂದು ವೆಬ್‌ಸೈಟ್ ಬಂತು, ನೆನಪಿದೆಯಾ? ಉಪಗ್ರಹದ ಫೋಟೋಗಳನ್ನು ಸಾಮಾನ್ಯ ಜನರ ಮುಂದಿಟ್ಟು, ಏನಾದರೂ ಕಂಡರೆ ಗುರುತು ಹಾಕಿ ಅಂತ ಹೇಳಿದ್ದರು. ಲಕ್ಷಗಟ್ಟಲೆ ಜನ ನುಗ್ಗಿ ಸೈಟೇ ಮಲಗಿಬಿಟ್ಟಿತ್ತು. ನಾನೂ ರಾತ್ರಿ ಎರಡು ಗಂಟೆವರೆಗೆ ಕೂತು ನೀಲಿ ಚೌಕಗಳನ್ನು ಒಂದಾದ ಮೇಲೊಂದು ನೋಡಿದೆ. ಒಂದರಲ್ಲಿ ಬೆಳ್ಳಗೆ, ಉದ್ದಕ್ಕೆ, ರೆಕ್ಕೆಯ ಹಾಗೆ ಏನೋ ಕಂಡಿತು. ಎದೆ ಹೊಡೆದುಕೊಂಡಿತು. ಗುರುತು ಹಾಕಿ ಹೆಂಡತೀನ ಎಬ್ಬಿಸಿದೆ. ಅವಳು ಕಣ್ಣುಜ್ಜಿಕೊಂಡು ನೋಡಿ, “ಇದು ಅಲೆ ಕಣ್ರೀ, ಮಲ್ಕೊಳ್ಳಿ” ಅಂದಳು. ಅಲೆಯೇ ಆಗಿತ್ತು. ಅದೂ ತಪ್ಪು ಸಮುದ್ರದ ಅಲೆ! ಆ ವಾರವೆಲ್ಲ ಜಗತ್ತು ದಕ್ಷಿಣ ಚೀನಾ ಸಮುದ್ರದಲ್ಲಿ ಹುಡುಕುತ್ತಿತ್ತು, ವಿಮಾನ ಹೋಗಿದ್ದು ಹಿಂದೂ ಮಹಾಸಾಗರದ ಕಡೆಗೆ.

ಹನ್ನೊಂದು ವರ್ಷದಲ್ಲಿ ಈ ಬಗ್ಗೆ ಕೈಗೆ ಸಿಕ್ಕಿದ್ದೆಲ್ಲ ಓದಿದ್ದೀನಿ. ನನಗನ್ನಿಸಿದ್ದು ಇಷ್ಟು: ಜನ ಎರಡು ಪ್ರಶ್ನೆಗಳನ್ನು ಕಲಸಿ ಮೊಸರನ್ನ ಮಾಡ್ತಾರೆ. ವಿಮಾನ ಎಲ್ಲಿದೆ ಅನ್ನೋದು ಒಂದು, ಯಾರು ಯಾಕೆ ತಿರುಗಿಸಿದರು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕ ಇದೆ, ಎರಡನೆಯದಕ್ಕೆ ಬರೀ ಬಾಯಿ ಇದೆ. ನಿಮ್ಮ ಅಭಿಪ್ರಾಯ ಹೇಳಿ. ತಿಳಿದವರು ಯಾರಾದರೂ ಇದ್ದರೆ ಇನ್ನೂ ಒಳ್ಳೇದು.

ಹುಬ್ಬಳ್ಳಿ_ಮಿರ್ಚಿ | ರಾತ್ರಿ 9:31

ಅಣ್ಣಾ, ವೈನಿ ಹೇಳಿದ್ದ ಖರೇ ಐತಿ, ಮಲ್ಕೋರಿ 😄

ನನಗ ಆವಾಗಿನ ಟಿವಿ ನೆನಪೈತಿ. ಸಿಎನ್‌ಎನ್‌ದಾಗ ಒಬ್ಬ ಆ್ಯಂಕರ್ ಬ್ಲ್ಯಾಕ್ ಹೋಲ್ ನುಂಗಿರಬಹುದೇನು ಅಂತ ಕೇಳಿದ್ದ. ಎದುರಿಗೆ ಕುಂತಾಕಿ, ಸಣ್ಣ ಬ್ಲ್ಯಾಕ್ ಹೋಲ್ ಇದ್ರೂ ಇಡೀ ವಿಶ್ವಾನ ಎಳಕೊಂಡು ಹೋಗ್ತಿತ್ತು ಅಂತ ಉತ್ತರ ಕೊಟ್ಟಳು. ಅದಕಿಂತ ಭಾರಿ ಅಂದ್ರ ಕೌಲಾಲಂಪುರ ವಿಮಾನ ನಿಲ್ದಾಣಕ್ಕ ಬಂದ ಮಾಂತ್ರಿಕ. ಎರಡು ತೆಂಗಿನಕಾಯಿ, ಬಿದಿರಿನ ದುರ್ಬೀನು, ಮಂತ್ರಾ ಹಾಕಿದ ಚಾಪಿ. ಅದರಾಗ ನೋಡಿ ವಿಮಾನ ಹುಡುಕ್ತೀನಿ ಅಂತ ಕುಂತಿದ್ದ. ಕಾಯಿ ನೋಡಿ ನಕ್ಕು ನಕ್ಕು ಸುಸ್ತಾಗಿದ್ದೆ.

ಸತ್ಯಶೋಧಕ_ಒಬ್ಬ | ರಾತ್ರಿ 9:48

ನಗ್ತಾ ಇರಿ. “ಸೀಸನ್ ಅಲ್ಲ” ಅಂತೆ. ಮಾವಿನಹಣ್ಣು ಮಾರ್ತಾ ಇದ್ದಾರಾ? ಏನೋ ಸಿಕ್ಕಿದೆ, ಅದಕ್ಕೇ ನಿಲ್ಲಿಸಿದ್ದಾರೆ.

ನೇರವಾಗಿ ಹೇಳ್ತೀನಿ. ವಿಮಾನ ಇಳಿದಿದ್ದು ಡಿಯಾಗೊ ಗಾರ್ಸಿಯಾದಲ್ಲಿ. ಅಮೆರಿಕದ ಸೇನಾ ನೆಲೆ, ಉದ್ದ ರನ್‌ವೇ, ಹೊರಗಿನವರಿಗೆ ಪ್ರವೇಶ ಇಲ್ಲ. ಮಾಲ್ಡೀವ್ಸ್‌ನ ಕುಡಾ ಹುವಾಧೂ ದ್ವೀಪದ ಜನ ಆ ಬೆಳಿಗ್ಗೆ ದೊಡ್ಡ ವಿಮಾನ ಕೆಳಗೆ ಹಾರಿದ್ದನ್ನು ಕಂಡಿದ್ದಾರೆ. ಪ್ರಯಾಣಿಕರ ಮೊಬೈಲು ದಿನಗಟ್ಟಲೆ ರಿಂಗ್ ಆಗಿದೆ, ಚೀನಾದ ಸಂಬಂಧಿಕರೇ ಹೇಳಿದ್ದಾರೆ. ಸಮುದ್ರದ ತಳದಲ್ಲಿ ಫೋನ್ ರಿಂಗ್ ಆಗುತ್ತಾ? ಇದಕ್ಕೆ ಮೊದಲು ಉತ್ತರ ಕೊಡಿ, ಆಮೇಲೆ ಲೆಕ್ಕ ಹೇಳಿ.

ಸುಮಾ_ಮೈಸೂರು | ರಾತ್ರಿ 10:02

ಫೋನಿನ ವಿಷಯ ನಾನು ಹೇಳ್ತೀನಿ, ನನ್ನ ತಮ್ಮ ಟೆಲಿಕಾಂನಲ್ಲಿದ್ದಾನೆ. ನಾವು ಡಯಲ್ ಮಾಡಿದಾಗ ಕಿವಿಗೆ ಬೀಳುವ ಟ್ರಿಂಗ್ ಟ್ರಿಂಗ್ ಆ ಕಡೆಯ ಫೋನ್ ಹೊಡೆದುಕೊಳ್ಳುವ ಸದ್ದಲ್ಲ. ಅದನ್ನು ಕೇಳಿಸೋದು ನೆಟ್‌ವರ್ಕ್. ಆ ಫೋನ್ ಎಲ್ಲಿದೆ ಅಂತ ಹುಡುಕುವ ಹೊತ್ತಿನಲ್ಲಿ, ಅದರಲ್ಲೂ ಹೊರದೇಶದ ಕರೆಯಲ್ಲಿ, ಮೊದಲೇ ರಿಂಗ್ ಕೇಳಿಸಿಬಿಡಬಹುದು. ಕೊನೆಗೆ ಸಿಗಲಿಲ್ಲ ಅಂತ ಕಟ್ ಆಗುತ್ತೆ.

ಆದರೆ ಆ ಸದ್ದು ಕೇಳಿದವರಿಗೆ ಇದನ್ನೆಲ್ಲ ಹೇಳೋಕಾಗುತ್ತಾ? ಮಗನ ನಂಬರ್ ರಿಂಗ್ ಆಗ್ತಿದೆ ಅಂದ್ರೆ ಆ ತಾಯಿಗೆ ಮಗ ಬದುಕಿದ್ದಾನೆ ಅಂತಲೇ ಅರ್ಥ. ಅವರನ್ನು ನಾನು ದೂರೋದಿಲ್ಲ. ಹನ್ನೊಂದು ವರ್ಷ ಆದಮೇಲೂ ಇಲ್ಲಿ ಬಂದು ಅದನ್ನೇ ಸಾಕ್ಷಿ ಅನ್ನೋರನ್ನು ದೂರ್ತೀನಿ.

ರಿಂಚ್_ಸ್ಪ್ಯಾನರ್ | ರಾತ್ರಿ 11:20

ತಡವಾಗಿ ನೋಡಿದೆ. ನಾನು ವಿಮಾನ ನಿರ್ವಹಣೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ನಿವೃತ್ತನಾದವನು, ಅದರಲ್ಲಿ ಹನ್ನೊಂದು ವರ್ಷ ಗಲ್ಫ್‌ನಲ್ಲಿ 777ಗಳ ಮೇಲೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಆ ರಾತ್ರಿ 12:42ಕ್ಕೆ ವಿಮಾನ ಏರಿತು (ಎಲ್ಲವೂ ಮಲೇಷ್ಯಾ ಸಮಯ). 1:07ಕ್ಕೆ ತನ್ನ ಸ್ಥಿತಿಗತಿಯ ಕೊನೆಯ ಸ್ವಯಂಚಾಲಿತ ವರದಿ ಕಳಿಸಿತು. 1:19ಕ್ಕೆ ಕಾಕ್‌ಪಿಟ್‌ನಿಂದ ಕೊನೆಯ ಮಾತು, “ಗುಡ್ ನೈಟ್, ಮಲೇಷಿಯನ್ ತ್ರೀ ಸೆವೆನ್ ಜೀರೋ”. ಮಲೇಷ್ಯಾದ ಗಡಿ ದಾಟಿ ವಿಯೆಟ್ನಾಂ ನಿಯಂತ್ರಣಕ್ಕೆ ಸೇರುವ ಜಾಗದಲ್ಲಿ, 1:21ಕ್ಕೆ ಟ್ರಾನ್ಸ್‌ಪಾಂಡರ್ (ನೆಲದ ರೇಡಾರಿಗೆ ವಿಮಾನದ ಗುರುತು ಹೇಳುವ ಯಂತ್ರ) ಮಾಯ. ಆಮೇಲೆ ವಿಮಾನ ಹಿಂದಕ್ಕೆ ತಿರುಗಿ, ಪರ್ಯಾಯ ದ್ವೀಪವನ್ನು ಅಡ್ಡ ಹಾಯ್ದು, ಪೆನಾಂಗ್ ಪಕ್ಕದಿಂದ ಮಲಕ್ಕಾ ಜಲಸಂಧಿಗೆ ಹೋಯಿತು. 1:52ಕ್ಕೆ ಪೆನಾಂಗ್‌ನ ಒಂದು ಮೊಬೈಲ್ ಟವರ್ ಸಹ ಪೈಲಟ್‌ನ ಫೋನನ್ನು ಕ್ಷಣಕಾಲ ಗುರುತಿಸಿದೆ, ಕರೆ ಮಾತ್ರ ಹೋಗಿಲ್ಲ. 2:22ಕ್ಕೆ ಸೇನೆಯ ರೇಡಾರಿನಿಂದಲೂ ಮರೆ.

ಇಲ್ಲಿಗೆ ಮುಗಿದಿದ್ದರೆ ಕಥೆ ಯಾರು ಬೇಕಾದರೂ ಕಟ್ಟಬಹುದಿತ್ತು. ಆದರೆ 2:25ಕ್ಕೆ ವಿಮಾನದ ಉಪಗ್ರಹ ಸಂಪರ್ಕದ ಪೆಟ್ಟಿಗೆ ಮತ್ತೆ ಜೀವ ಬಂದು ಇನ್‌ಮಾರ್‌ಸ್ಯಾಟ್ ಉಪಗ್ರಹಕ್ಕೆ “ನಾನಿದ್ದೀನಿ” ಅಂದಿತು. ಆಮೇಲೆ ಸುಮಾರು ಗಂಟೆಗೊಮ್ಮೆ ಪರ್ತ್‌ನ ಭೂಕೇಂದ್ರ “ಇದ್ದೀಯಾ?” ಅಂತ ಕೇಳೋದು, ಅದು “ಇದ್ದೀನಿ” ಅನ್ನೋದು. ಮಾತಿಲ್ಲ, ಜಾಗದ ಮಾಹಿತಿಯೂ ಇಲ್ಲ. ಮಧ್ಯೆ 2:39ಕ್ಕೆ ಮತ್ತು 7:13ಕ್ಕೆ ನೆಲದಿಂದ ಉಪಗ್ರಹ ಫೋನ್ ಮಾಡಿದರು. ಎರಡೂ ಸಲ ಕರೆ ಹೋಗಿದೆ, ಯಾರೂ ಎತ್ತಿಲ್ಲ. 8:19ಕ್ಕೆ ಕೊನೆಯ ಸಂದೇಶ. 9:15ಕ್ಕೆ ಕೇಳಿದಾಗ ಉತ್ತರ ಇಲ್ಲ.

ಈಗ ಲೆಕ್ಕ. ಕೇಳಿ ಉತ್ತರ ಬರೋಕೆ ಎಷ್ಟು ಹೊತ್ತಾಯಿತು ಅನ್ನೋದು ದಾಖಲಾಗಿತ್ತು. ಅದರಿಂದ ಉಪಗ್ರಹಕ್ಕೂ ವಿಮಾನಕ್ಕೂ ಎಷ್ಟು ದೂರ ಅಂತ ಸಿಗುತ್ತೆ, ಯಾವ ದಿಕ್ಕು ಅಂತ ಸಿಗೋದಿಲ್ಲ. ಗೂಟಕ್ಕೆ ಕಟ್ಟಿದ ಹಸು ಹಗ್ಗ ಬಿಗಿಯಾಗಿ ಎಳೆದುಕೊಂಡು ನಿಂತಿದೆ ಅಂತ ಮಾತ್ರ ಗೊತ್ತು ಅಂದ್ಕೊಳ್ಳಿ. ಸುತ್ತಿನ ಮೇಲೆ ಎಲ್ಲಿ ಬೇಕಾದರೂ ಇರಬಹುದು. ಹಾಗೆ ಗಂಟೆಗೊಂದು ಸುತ್ತು. ಕೊನೆಯ ಸುತ್ತನ್ನೇ ಏಳನೇ ಆರ್ಕ್ ಅನ್ನೋದು. ಒಂದು ತುದಿ ಕಝಾಕ್‌ಸ್ತಾನದ ಕಡೆ, ಇನ್ನೊಂದು ಅಂಟಾರ್ಕ್ಟಿಕಾ ಕಡೆಯ ಸಾಗರಕ್ಕೆ.

ಉತ್ತರವೋ ದಕ್ಷಿಣವೋ ಅಂತ ಹೇಗೆ ಗೊತ್ತಾಯಿತು? ನಾನು ಇವತ್ತಿಗೂ ತಲೆದೂಗುವ ಭಾಗ ಇದು. ಆ ಉಪಗ್ರಹ 1996ರಲ್ಲಿ ಹಾರಿಸಿದ್ದು. ಹಳೆಯದಾಗಿ ತನ್ನ ಜಾಗದಲ್ಲಿ ನೆಟ್ಟಗೆ ನಿಲ್ಲದೆ ಸಮಭಾಜಕದ ಮೇಲೆ ಕೆಳಗೆ ಸ್ವಲ್ಪ ತೂಗಾಡುತ್ತಿತ್ತು. ಹೋಗುವ ರೈಲಿನ ಸೀಟಿಯ ಸ್ವರ ಬದಲಾಗುತ್ತಲ್ಲ, ಹಾಗೆ ಸಂಕೇತದ ಕಂಪನಾಂಕದಲ್ಲಿ ಆಗುವ ವ್ಯತ್ಯಾಸವನ್ನು ವಿಮಾನದ ಪೆಟ್ಟಿಗೆ ಸರಿದೂಗಿಸುತ್ತೆ, ಆದರೆ ಉಪಗ್ರಹ ಅಲ್ಲಾಡದೆ ನಿಂತಿದೆ ಅಂದುಕೊಂಡು. ಅದು ಅಲ್ಲಾಡುತ್ತಿದ್ದುದರಿಂದ ಲೆಕ್ಕದಲ್ಲಿ ಚೂರು ತಪ್ಪು ಉಳಿಯಿತು. ಆ ತಪ್ಪು ಉತ್ತರಕ್ಕೆ ಹೋದರೆ ಒಂದು ಥರ, ದಕ್ಷಿಣಕ್ಕೆ ಹೋದರೆ ಇನ್ನೊಂದು ಥರ. ದಾಖಲೆಗೆ ಹೊಂದಿದ್ದು ದಕ್ಷಿಣ. ಉಪಗ್ರಹ ಹೊಸದಾಗಿ ನೆಟ್ಟಗಿದ್ದಿದ್ದರೆ ಇಷ್ಟು ಸುಲಭವಾಗಿ ತಿಳಿಯುತ್ತಿರಲಿಲ್ಲ.

ಸತ್ಯಶೋಧಕ ಅವರೇ, ಡಿಯಾಗೊ ಗಾರ್ಸಿಯಾ ಆ ಉಪಗ್ರಹದ ಹೆಚ್ಚುಕಡಿಮೆ ಕಾಲಬುಡದಲ್ಲೇ ಇದೆ. ಅಲ್ಲಿ ಇಳಿದಿದ್ದರೆ ಹಗ್ಗ ತೀರಾ ಗಿಡ್ಡ ಇರಬೇಕಿತ್ತು. ಕೊನೆಯ ಸುತ್ತು ಅಲ್ಲಿಂದ ಸಾವಿರಾರು ಕಿಲೋಮೀಟರ್ ಆಚೆ ಇದೆ. ಮಾಲ್ಡೀವ್ಸ್‌ಗೂ ಇದೇ ಮಾತು.

ಸತ್ಯಶೋಧಕ_ಒಬ್ಬ | ರಾತ್ರಿ 11:41

ಇನ್‌ಮಾರ್‌ಸ್ಯಾಟ್ ಯಾವ ದೇಶದ ಕಂಪನಿ? ಬ್ರಿಟನ್. ಡಿಯಾಗೊ ಗಾರ್ಸಿಯಾ ಯಾರ ಆಳ್ವಿಕೆಯಲ್ಲಿದೆ? ಬ್ರಿಟನ್. ಇಷ್ಟೇ ಸಾಕು.

ಹುಬ್ಬಳ್ಳಿ_ಮಿರ್ಚಿ | ರಾತ್ರಿ 11:44

ನಮ್ಮ ಧಾರವಾಡ ಹೈಕೋರ್ಟ್ ಹತ್ರ ಚಹಾದ ಅಂಗಡಿ ಐತಿ, ಅಲ್ಲೂ ಬ್ರಿಟಿಷ್ ಬಿಸ್ಕಿಟ್ ಸಿಗ್ತಾವ. ಅವರನ್ನೂ ಹಿಡೀರಿ.

ಪರ್ತ್_ಕನ್ನಡಿಗ | 4 ಏಪ್ರಿಲ್, ಬೆಳಿಗ್ಗೆ 5:50

ಇಲ್ಲಿ ಬೆಳಗಾಗಿದೆ. ನಾನು ಆಗ ಪರ್ತ್‌ಗೆ ಬಂದು ಎರಡು ವರ್ಷ. ಪಿಯರ್ಸ್ ವಾಯುನೆಲೆಯಿಂದ ಕಡಲು ಕಾವಲಿನ ಒರಾಯನ್ ವಿಮಾನಗಳು ಬೆಳಿಗ್ಗೆ ಏಳೋದನ್ನು ಕೆಲಸಕ್ಕೆ ಹೋಗುವಾಗ ಎಷ್ಟೋ ಸಲ ನೋಡಿದ್ದೀನಿ. ಮೊದಮೊದಲು ಹುಡುಕಿದ ಜಾಗ ಇಲ್ಲಿಂದ ನೈರುತ್ಯಕ್ಕೆ ಸುಮಾರು 2,500 ಕಿಲೋಮೀಟರ್. ನಕ್ಷೆಯಲ್ಲಿ ಅಳತೆ ಇಟ್ಟು ನೋಡಿ, ಬೆಂಗಳೂರಿಂದ ಹೊರಟರೆ ಹಿಮಾಲಯ ದಾಟಿರುತ್ತೀರಿ. ಹೋಗೋಕೆ ನಾಲ್ಕು ಗಂಟೆ, ಬರೋಕೆ ನಾಲ್ಕು ಗಂಟೆ, ಹುಡುಕೋಕೆ ಮಧ್ಯೆ ಒಂದೆರಡು ಗಂಟೆ. ಆಮೇಲೆ ಮಾರ್ಚ್ 28ಕ್ಕೆ ಲೆಕ್ಕ ತಿದ್ದಿ ಜಾಗವನ್ನೇ 1,100 ಕಿಲೋಮೀಟರ್ ಈಶಾನ್ಯಕ್ಕೆ ಸರಿಸಿದರು.

ದಿನಾ ಸಂಜೆ ಸುದ್ದಿಯಲ್ಲಿ “ವಸ್ತು ಪತ್ತೆ”. ಮಾರನೆಯ ದಿನ ನೋಡಿದರೆ ಮೀನಿನ ಬಲೆ, ತೇಲುಗುಂಡು, ಕಸ. ಏಪ್ರಿಲ್‌ನಲ್ಲಿ ಓಷನ್ ಶೀಲ್ಡ್ ಹಡಗಿಗೆ ನೀರಿನಡಿಯಿಂದ ಬೀಪರಿನಂಥ ಪಿಂಗ್ ಸದ್ದು ಕೇಳಿಸಿತು ಅಂದಾಗ ಇಲ್ಲಿನ ಪ್ರಧಾನಿಯೇ ಭರವಸೆಯ ಮಾತಾಡಿದರು. ಕಪ್ಪು ಪೆಟ್ಟಿಗೆಯ ಬೀಪರಿನ ಬ್ಯಾಟರಿ ಬರೋದೇ 30 ದಿನ, ಅದು ಮುಗಿಯುವ ಹೊತ್ತು ಅದು. ಆ ಜಾಗ ಜಾಲಾಡಿದ ಮೇಲೆ ಅಲ್ಲಿ ಏನೂ ಇಲ್ಲ ಅಂತಾಯಿತು. ದತ್ತಾಂಶ ಪೆಟ್ಟಿಗೆಗೆ ಕಟ್ಟಿದ್ದ ಬೀಪರಿನ ಬ್ಯಾಟರಿ ಅವಧಿ 2012ರ ಡಿಸೆಂಬರ್‌ನಲ್ಲೇ ಮುಗಿದಿತ್ತು ಅಂತ ಒಂದು ವರ್ಷದ ನಂತರ ವರದಿಯಲ್ಲಿ ಬಂತು. ಬದಲಾಯಿಸೋದು ಮರೆತಿದ್ದರು. ಓದಿ ಪೇಪರ್ ಮಡಚಿಟ್ಟೆ.

ಆಮೇಲೆ 1,20,000 ಚದರ ಕಿಲೋಮೀಟರ್ ತಳ ಗುಡಿಸಿ 2017ರ ಜನವರಿಯಲ್ಲಿ ನಿಲ್ಲಿಸಿದರು. 2018ರಲ್ಲಿ ಓಷನ್ ಇನ್ಫಿನಿಟಿ ಇನ್ನೂ 1,12,000. ಸುಮಾರು ನಾಲ್ಕು ಕಿಲೋಮೀಟರ್ ಆಳ, ತಳದಲ್ಲಿ ಬೆಟ್ಟ, ಕಣಿವೆ, ಜ್ವಾಲಾಮುಖಿ. ವಿಮಾನ ಸಿಗಲಿಲ್ಲ, ಆದರೆ ನೂರು ವರ್ಷಕ್ಕೂ ಹಿಂದೆ ಮುಳುಗಿದ ಹಡಗುಗಳು ಸಿಕ್ಕವು. ಅವುಗಳನ್ನು ಯಾರೂ ಹುಡುಕುತ್ತಿರಲೇ ಇಲ್ಲ.

ಜಯನಗರ_ನಾಲ್ಕನೇ_ಬ್ಲಾಕ್ | ಬೆಳಿಗ್ಗೆ 7:35

@ರಿಂಚ್_ಸ್ಪ್ಯಾನರ್ ಸರ್, ಹಸುವಿನ ಹಗ್ಗಕ್ಕೆ ನಮಸ್ಕಾರ. ಇಷ್ಟು ವರ್ಷ ಇದು ಇಷ್ಟು ಸ್ಪಷ್ಟವಾಗಿ ತಲೆಗೆ ಹೋಗಿರಲಿಲ್ಲ. ಒಂದು ಸಂಶಯ: ಬೆಂಕಿ ಬಿದ್ದಿರಬಹುದಾ? ಲಿಥಿಯಂ ಬ್ಯಾಟರಿ ಇತ್ತಲ್ಲ. ಹೊಗೆ ತುಂಬಿ, ಪೈಲಟ್‌ಗಳು ಹತ್ತಿರದ ರನ್‌ವೇಗೆ ತಿರುಗಿಸಿ, ಪ್ರಜ್ಞೆ ತಪ್ಪಿ… ಕೇಳೋಕೆ ಅತ್ಯಂತ ಮಾನವೀಯವಾದ ಥಿಯರಿ ಇದೇ.

ರಿಂಚ್_ಸ್ಪ್ಯಾನರ್ | ಬೆಳಿಗ್ಗೆ 8:10

ನನಗೂ ಮೊದಲ ವಾರ ಅದೇ ಅನ್ನಿಸಿತ್ತು. ಬ್ಯಾಟರಿ ಇತ್ತು, 221 ಕಿಲೋ. ಜೊತೆಗೆ ನಾಲ್ಕೂವರೆ ಟನ್ ಮ್ಯಾಂಗೊಸ್ಟೀನ್ ಹಣ್ಣು. ಹಣ್ಣಿನ ರಸ ಬ್ಯಾಟರಿಗೆ ಸೋರಿ ಬೆಂಕಿ ಅಂತ ಒಂದು ವಾದವೇ ಹುಟ್ಟಿತು. ಮಲೇಷ್ಯಾದವರು ಅದನ್ನೂ ಪ್ರಯೋಗ ಮಾಡಿ ನೋಡಿದರು, ಹಾಗಾಗೋದು ತೀರಾ ಅಸಂಭವ ಅಂದರು.

ಬೆಂಕಿಯ ತೊಂದರೆ ಬೇರೆ. ರೇಡಿಯೋ, ಟ್ರಾನ್ಸ್‌ಪಾಂಡರ್, ಉಪಗ್ರಹ ಪೆಟ್ಟಿಗೆ ಮೂರನ್ನೂ ಬಾಯಿ ಮುಚ್ಚಿಸುವ ಬೆಂಕಿ ಆಮೇಲೆ ಸುಮಾರು ಏಳು ಗಂಟೆ ವಿಮಾನವನ್ನು ಹಾರೋಕೆ ಬಿಡುತ್ತಾ? ಮತ್ತೆ 2:25ಕ್ಕೆ ಆ ಪೆಟ್ಟಿಗೆಗೆ ವಿದ್ಯುತ್ ಮರಳಿದ್ದು ಹೇಗೆ? ಸುಟ್ಟ ತಂತಿ ತಾನಾಗಿ ಕೂಡಿಕೊಳ್ಳೋದಿಲ್ಲ. ಆ ಒಂದು ಗಂಟೆ, ಅಂದರೆ 1:21ರಿಂದ 2:25, ಅಷ್ಟರೊಳಗೆ ಇಡೀ ರಹಸ್ಯ ಇದೆ. ಉಳಿದದ್ದು ಇಂಧನದ ಲೆಕ್ಕ.

ಸುಮಾ_ಮೈಸೂರು | ಬೆಳಿಗ್ಗೆ 8:26

ಸಾಮಾನ್ಯ ಜನರ ಊಹೆಯನ್ನೇ ಎಲ್ಲರೂ ಬೈತೀರಿ. ಆ ರಾತ್ರಿ ದೊಡ್ಡ ಊಹೆ ಮಾಡಿದ್ದು ಕುರ್ಚಿಯಲ್ಲಿ ಕೂತವರು. ವಿಮಾನ ಕಾಣ್ತಿಲ್ಲ ಅಂತ ಹೋ ಚಿ ಮಿನ್ ನಿಯಂತ್ರಣ ಕೇಂದ್ರ ಕೌಲಾಲಂಪುರಕ್ಕೆ ಕೇಳಿದ್ದೇ 1:39ಕ್ಕೆ, ಅಂದರೆ ಹದಿನೆಂಟು ನಿಮಿಷ ಕಳೆದ ಮೇಲೆ. ವಿಮಾನಯಾನ ಸಂಸ್ಥೆಯ ಕಾರ್ಯಾಚರಣೆ ಕೊಠಡಿ “ಕಾಂಬೋಡಿಯಾ ಮೇಲಿದೆ” ಅಂದಿತು. ಬೆಳಗಿನ ಜಾವ ಮೂರೂವರೆ ಹೊತ್ತಿಗೆ, ಅದು ನಿಜವಾದ ಜಾಗ ಅಲ್ಲ, ಪ್ರಯಾಣದ ಯೋಜನೆ ಪ್ರಕಾರ ಕಂಪ್ಯೂಟರ್ ತೋರಿಸಿದ ಅಂದಾಜು ಅಂತ ಒಪ್ಪಿಕೊಂಡರು. ಅಷ್ಟು ಹೊತ್ತು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ತಾ ಕೂತಿದ್ದರು. ವಿಮಾನ ಅಪಾಯದಲ್ಲಿದೆ ಅಂತ ಘೋಷಣೆ ಆಗಿದ್ದು 6:32ಕ್ಕೆ. 2018ರ ವರದಿಯಲ್ಲಿ ಇದೆಲ್ಲ ಬಂದ ಮೇಲೆ ಮಲೇಷ್ಯಾದ ನಾಗರಿಕ ವಿಮಾನಯಾನ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಮತ್ತೆ ಭಾರತದ ಮಾತು ಬಂದ್ರೆ, ಅಮೆರಿಕದ ಮಾಜಿ ಉಪ ವಿದೇಶಾಂಗ ಕಾರ್ಯದರ್ಶಿ ಸ್ಟ್ರೋಬ್ ಟಾಲ್ಬೋಟ್, ನಮ್ಮ ಯಾವುದೋ ನಗರದ ಮೇಲೆ 2001ರ ಸೆಪ್ಟೆಂಬರ್ ದಾಳಿಯ ಹಾಗೆ ನುಗ್ಗಿಸೋಕೆ ಅಪಹರಿಸಿರಬಹುದು ಅಂತ ಟ್ವೀಟ್ ಮಾಡಿದ್ದರು! ನಮ್ಮ ನೌಕಾಪಡೆ ಅಂಡಮಾನ್ ಸುತ್ತ ಆಗಲೇ ಹುಡುಕುತ್ತಿತ್ತು. ಇಂಥವರ ಬಾಯಿಗೆ ಬೀಗ ಇಲ್ಲ, ನಮ್ಮ ಸತ್ಯಶೋಧಕರು ಪಾಪ.

ಸತ್ಯಶೋಧಕ_ಒಬ್ಬ | ಬೆಳಿಗ್ಗೆ 9:05

ಥ್ಯಾಂಕ್ಸ್ ಮೇಡಂ, ಬೈದ್ರೋ ಹೊಗಳಿದ್ರೋ ಗೊತ್ತಾಗಲಿಲ್ಲ.

ಸರಿ, ಡಿಯಾಗೊ ಗಾರ್ಸಿಯಾ ಬಿಟ್ಟೆ ಅಂತಿಟ್ಕೊಳ್ಳಿ. ಹಾಗಾದ್ರೆ ಕ್ಯಾಪ್ಟನ್ನೇ ಮಾಡಿದ್ದು. ಮನೆಯಲ್ಲಿ ವಿಮಾನ ಹಾರಿಸೋದನ್ನು ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡೋ ಸಿಮ್ಯುಲೇಟರ್ ಇತ್ತು, ಅದರಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ದಾರಿ ಸಿಕ್ಕಿದೆ. ಇನ್ನೇನು ಬೇಕು? ಕೊಲೆಗಾರ, ಮುಗೀತು. ಮತ್ತೆ ಆ ರೀಯೂನಿಯನ್ ದ್ವೀಪದ ರೆಕ್ಕೆಯ ತುಂಡು ಯಾರೋ ತಂದಿಟ್ಟಿದ್ದು.

ನಿರ್ವಾಹಕ | ಬೆಳಿಗ್ಗೆ 9:40

ಸತ್ಯಶೋಧಕ ಅವರೇ, ಒಂದು ಎಚ್ಚರಿಕೆ. ಸಿಮ್ಯುಲೇಟರ್ ದತ್ತಾಂಶ ಇದ್ದದ್ದು ನಿಜ, ಅದರ ಬಗ್ಗೆ ಚರ್ಚೆ ಮಾಡಿ. ಆದರೆ 2018ರ ಜುಲೈ 30ರ ಅಧಿಕೃತ ವರದಿ ಹೇಳಿದ್ದು ಇಷ್ಟು: ವಿಮಾನವನ್ನು ತಿರುಗಿಸಿದ್ದು ಕೈಯಿಂದ, ಮೂರನೆಯವರ ಹಸ್ತಕ್ಷೇಪವನ್ನು ತಳ್ಳಿಹಾಕಲಾಗದು, ಕಾರಣ ನಿರ್ಧರಿಸಲಾಗಲಿಲ್ಲ. ಕದ್ದ ಪಾಸ್‌ಪೋರ್ಟ್‌ನಲ್ಲಿ ಹತ್ತಿದ ಇಬ್ಬರು ಇರಾನಿ ಹುಡುಗರನ್ನೂ ಮೊದಲ ವಾರ ಎಲ್ಲರೂ ಭಯೋತ್ಪಾದಕರು ಅಂದಿದ್ದರು. ಅವರು ಯುರೋಪಿನಲ್ಲಿ ಆಶ್ರಯ ಹುಡುಕಿಕೊಂಡು ಹೊರಟವರು. ಉತ್ತರ ಕೊಡೋಕೆ ಇಲ್ಲದವರ ಮೇಲೆ ಇಲ್ಲಿ ತೀರ್ಪು ಬರೆಯೋದು ಬೇಡ.

ರಿಂಚ್_ಸ್ಪ್ಯಾನರ್ | ಬೆಳಿಗ್ಗೆ 10:15

ರೆಕ್ಕೆಯ ತುಂಡಿನ ಬಗ್ಗೆ: ಅದರ ಹೆಸರು ಫ್ಲಾಪರಾನ್. 2015ರ ಜುಲೈ 29ರಂದು ರೀಯೂನಿಯನ್‌ನಲ್ಲಿ ಕಡಲತೀರ ಸ್ವಚ್ಛ ಮಾಡುವವರಿಗೆ ಸಿಕ್ಕಿತು. ಅದರೊಳಗಿನ ಬಿಡಿಭಾಗದ ಮೇಲಿದ್ದ ಸಂಖ್ಯೆಯನ್ನು ಸ್ಪೇನ್‌ನ ತಯಾರಕರ ದಾಖಲೆಗೆ ತಾಳೆ ನೋಡಿ ಫ್ರಾನ್ಸ್‌ನವರು ಖಚಿತ ಮಾಡಿದರು. ಮೇಲೆ ಚಿಪ್ಪಿನ ಜೀವಿಗಳು ದಟ್ಟವಾಗಿ ಬೆಳೆದಿದ್ದವು. ಆಮೇಲೆ ಮೊಜಾಂಬಿಕ್, ತಾಂಜಾನಿಯಾ, ಮಾರಿಷಸ್ ಎಲ್ಲೆಲ್ಲೂ ತುಂಡುಗಳು. ಆಸ್ಟ್ರೇಲಿಯಾದ ವಿಜ್ಞಾನಿಗಳು ನಿಜವಾದ 777 ಫ್ಲಾಪರಾನ್ ಒಂದನ್ನು ತಂದು, ಅದೇ ಆಕಾರಕ್ಕೆ ಕತ್ತರಿಸಿ, ಸಮುದ್ರದಲ್ಲಿ ತೇಲಿಬಿಟ್ಟು ಗಾಳಿ ಅದನ್ನು ಹೇಗೆ ತಳ್ಳುತ್ತೆ ಅಂತ ಅಳೆದರು. ಲೆಕ್ಕ ಹಿಂದಕ್ಕೆ ಓಡಿಸಿದರೆ ಏಳನೇ ಆರ್ಕ್‌ನ ಸುಮಾರು 35 ಡಿಗ್ರಿ ದಕ್ಷಿಣಕ್ಕೆ ಬಂತು. ಉಪಗ್ರಹದ ಲೆಕ್ಕ ಒಂದು ಕಡೆಯಿಂದ, ನೀರಿನ ಲೆಕ್ಕ ಇನ್ನೊಂದು ಕಡೆಯಿಂದ, ಎರಡೂ ಒಂದೇ ಸಾಗರಕ್ಕೆ ಬೆರಳು ಮಾಡ್ತಿವೆ.

ದಕ್ಕೆಯವ | ಮಧ್ಯಾಹ್ನ 2:48

ನಮಸ್ಕಾರ. ನಾನು ಮಲ್ಪೆಯವ. ಇಲ್ಲಿ ಓದ್ತೇನೆ, ಬರೆಯುದು ಕಮ್ಮಿ. ಇವತ್ತು ಬರೀಬೇಕು ಅಂತ ಕಂಡಿತು.

ಮೊದಲು ಸೀಸನ್ ವಿಷಯ. ಅದರಲ್ಲಿ ಎಂತ ಸಂಶಯ ಮಾರಾಯ್ರೆ? ಆ ಕಡಲಿಗೆ ಈಗ ಚಳಿಗಾಲ ಬರ್ತಾ ಉಂಟು. ಅಲ್ಲಿ ಗಾಳಿಗೆ ತಡೆಯುದಕ್ಕೆ ಒಂದು ಗುಡ್ಡ ಇಲ್ಲ. ಅಲೆಯ ಮೇಲೆ ಹಡಗು ಕುಣೀತಾ ಇದ್ರೆ ನಾಲ್ಕು ಕಿಲೋಮೀಟರ್ ಕೆಳಗೆ ಬಿಟ್ಟ ಯಂತ್ರವನ್ನು ವಾಪಸ್ ಮೇಲೆ ಎತ್ತುದು ಹೇಗೆ? ನಮಗೂ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಯಾರೂ ಅದನ್ನು ಪಿತೂರಿ ಹೇಳುದಿಲ್ಲ.

ಎರಡನೇದು ಆ ತೆಂಗಿನಕಾಯಿ. ಹುಬ್ಬಳ್ಳಿಯವರು ನಕ್ಕದ್ದು ತಪ್ಪಲ್ಲ, ಟಿವಿಯಲ್ಲಿ ನೋಡಿ ನಾನೂ ಅವತ್ತು ನಗಾಡಿದ್ದೆ. 2018ರ ಡಿಸೆಂಬರ್ ನಂತರ ನಗಾಡ್ಲಿಕ್ಕೆ ಆಗ್ಲಿಲ್ಲ.

ಸುವರ್ಣ ತ್ರಿಭುಜ ಬೋಟು ನಿಮಗೆ ನೆನಪಿರಬಹುದು. ಡಿಸೆಂಬರ್ 13ಕ್ಕೆ ನಮ್ಮ ಬಂದರಿಂದ ಆಳಸಮುದ್ರಕ್ಕೆ ಹೋದದ್ದು, ಏಳು ಜನ. ಎರಡು ದಿನ ವೈರ್‌ಲೆಸ್‌ನಲ್ಲಿ ಬೇರೆ ಬೋಟಿನವರ ಜೊತೆ ಮಾತು ಇತ್ತು. 15ರ ರಾತ್ರಿ ನಂತರ ಇಲ್ಲ. ಆಮೇಲೆ ಶುರುವಾಯ್ತು ನೋಡಿ. ಕಡಲ್ಗಳ್ಳರು ಹಿಡ್ಕೊಂಡು ಹೋದ್ರು. ಪಾಕಿಸ್ತಾನಕ್ಕೆ ಕೊಂಡುಹೋದ್ರು. ಭಯೋತ್ಪಾದಕರು ಬೋಟು ಕದ್ದು ಮುಂಬಯಿಗೆ ಬರ್ತಾರೆ. ದೊಡ್ಡ ಹಡಗು ಗುದ್ದಿ ನಿಲ್ಲಿಸದೆ ಹೋಯ್ತು. ಬಣ್ಣ ಬದಲು ಮಾಡಿ ಎಲ್ಲೋ ಕಟ್ಟಿದ್ದಾರೆ. ವಾಟ್ಸಾಪಿನಲ್ಲಿ ದಿನಕ್ಕೊಂದು. ದಕ್ಕೆಯಲ್ಲಿ ಮೀನು ಇಳಿಸ್ತಾ ನಾವೂ ಅದನ್ನೇ ಹೇಳ್ತಿದ್ದೆವು. ನಾನು ಸ್ವತಃ ಒಂದು ಮೆಸೇಜು ಹತ್ತು ಗುಂಪಿಗೆ ಕಳಿಸಿದ್ದೇನೆ: ಬೋಟು ಇಂಥ ಬಂದರಿನಲ್ಲಿ ಕಂಡಿದೆಯಂತೆ ಅಂತ. ಸಂಜೆ ನನಗೆ ಅಪರಿಚಿತ ನಂಬರಿಂದ ಫೋನ್. ಒಬ್ಬ ಹೆಂಗಸು. ಹೋದವರಲ್ಲಿ ಒಬ್ಬನ ಸಂಬಂಧಿ. “ಅಣ್ಣಾ, ಕಂಡವರು ಯಾರು? ಅವರ ನಂಬರ್ ಕೊಡಿ” ಹೇಳಿ ಕೇಳಿದಳು. ನನ್ನ ಹತ್ರ ಎಂತ ಉಂಟು ಕೊಡ್ಲಿಕ್ಕೆ? ನನಗೆ ಕಳಿಸಿದವನನ್ನು ಕೇಳಿದೆ, ಅವನು ಇನ್ನೊಬ್ಬನನ್ನು. ನಾಲ್ಕನೇ ಮನುಷ್ಯ ಫೋನೇ ಎತ್ತಲಿಲ್ಲ. ಅವಳು ರಾತ್ರಿ ಒಳಗೆ ಮೂರು ಸಲ ಮಾಡಿದಳು.

ದೈವದ ಮುಂದೆ ಹೋಗಿ ಕೇಳಿದ್ದೂ ಆಯ್ತು. ಸರ್ಕಾರದವರು ಒಂದು ಹೇಳ್ಳಿಕ್ಕೂ ಇಲ್ಲದಾಗ ಮನುಷ್ಯ ಯಾರ ಹತ್ರ ಕೇಳಬೇಕು? ಜನವರಿಯಲ್ಲಿ ಸಾವಿರಗಟ್ಟಲೆ ಜನ ಹೆದ್ದಾರಿಗೆ ಇಳಿದೆವು. ಮಹಾರಾಷ್ಟ್ರದ ಕಡೆ ಮೀನು ತುಂಬುವ ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿತು ಹೇಳಿದಾಗ ನಾವು ಒಪ್ಪಲಿಲ್ಲ. ಪೆಟ್ಟಿಗೆ ಯಾವಾಗ ಬೇಕಾದ್ರೂ ನೀರಿಗೆ ಬೀಳ್ತದೆ ಅಂದೆವು. ನೀವು ಆ ರೆಕ್ಕೆ ತುಂಡಿಗೆ ಹೇಳ್ತೀರಲ್ಲ, ಅದೇ ಮಾತು.

ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಾಲ್ವಣದ ಹತ್ರ ಸುಮಾರು 60 ಮೀಟರ್ ಆಳದಲ್ಲಿ ಬೋಟು ಕಂಡುಹಿಡಿಯಿತು. ಅರವತ್ತು ಮೀಟರ್! ಅದಕ್ಕೆ ನಾಲ್ಕೂವರೆ ತಿಂಗಳು. ಇವರು ನಾಲ್ಕು ಸಾವಿರ ಮೀಟರಿನಲ್ಲಿ ಹುಡುಕ್ತಾ ಇದ್ದಾರೆ.

ಇನ್ನೊಂದು. ಆ ವಿಮಾನದಲ್ಲಿದ್ದ ಭಾರತೀಯರಲ್ಲಿ ಚೆನ್ನೈಯ ಒಬ್ಬರು ಸಣ್ಣ ಮೀನುಗಾರರ ಪರವಾಗಿ ಕೆಲಸ ಮಾಡ್ತಿದ್ದವರು, ಮಂಗೋಲಿಯಾದಲ್ಲಿ ಸಭೆಗೆ ಹೊರಟಿದ್ದವರು. ನಮ್ಮಂಥವರ ಬಗ್ಗೆ ಮಾತಾಡ್ಲಿಕ್ಕೆ ಹೋಗ್ತಾ ಇದ್ದರು. ಇದು ನನಗೆ ಎಷ್ಟೋ ವರ್ಷ ಆದ ಮೇಲೆ ಗೊತ್ತಾದದ್ದು.

ಹುಬ್ಬಳ್ಳಿ_ಮಿರ್ಚಿ | ಮಧ್ಯಾಹ್ನ 3:10

ಅಣ್ಣಾ, ತಪ್ಪಾತು. ಕಾಯಿ ಮಾತು ಹಿಂದಕ್ಕ ತೊಗೊಂಡೆ.

ಸುಮಾ_ಮೈಸೂರು | ಮಧ್ಯಾಹ್ನ 3:32

ಇಲ್ಲಿ ಏನು ಬರೆಯೋದು ಅಂತ ತೋಚ್ತಿಲ್ಲ. ಬೀಜಿಂಗ್‌ನಲ್ಲಿ ಕಾಯ್ತಿದ್ದ ಮನೆಯವರಿಗೆ ಮಾರ್ಚ್ 24ರಂದು ಇನ್ನು ಯಾರೂ ಉಳಿದಿಲ್ಲ ಅಂತ ಮೊಬೈಲ್ ಸಂದೇಶ ಹೋಗಿತ್ತು. ಇಂಗ್ಲಿಷಿನಲ್ಲಿ. ಆಗ ಒಂದು ತುಂಡೂ ಸಿಕ್ಕಿರಲಿಲ್ಲ. ಅಂಥವರು ಲೆಕ್ಕ ನಂಬಲಿಲ್ಲ ಅಂದ್ರೆ ತಪ್ಪು ಯಾರದು?

ರಿಂಚ್_ಸ್ಪ್ಯಾನರ್ | ಸಂಜೆ 4:05

ದಕ್ಕೆಯವರೇ, ನೀವು ಹೇಳಿದ ಮೇಲೆ ನಮ್ಮ ವಾಯುಪಡೆಯ ಕಾಣೆಯಾದ ಎಎನ್ 32 ಸಾಗಣೆ ವಿಮಾನ ನೆನಪಾಯಿತು. 2016ರ ಜುಲೈ 22, ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ, 29 ಜನ. ಸಿಕ್ಕಿದ್ದು ಏಳೂವರೆ ವರ್ಷದ ಮೇಲೆ, 2024ರ ಜನವರಿಯಲ್ಲಿ, ಚೆನ್ನೈ ತೀರದಿಂದ 310 ಕಿಲೋಮೀಟರ್ ದೂರ, 3,400 ಮೀಟರ್ ಆಳದಲ್ಲಿ. ನಮ್ಮದೇ ಸಾಗರ ತಂತ್ರಜ್ಞಾನ ಸಂಸ್ಥೆಯ ಯಂತ್ರ ತೆಗೆದ ಚಿತ್ರಗಳಲ್ಲಿ. 2009ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನಕ್ಕೂ ಎರಡು ವರ್ಷ ಹಿಡಿದಿತ್ತು, ಅದೂ ಬಿದ್ದ ಜಾಗ ಹೆಚ್ಚುಕಡಿಮೆ ಗೊತ್ತಿದ್ದೂ. ಸಿಗೋದಿಲ್ಲ ಅಂತ ನಾನಂತೂ ಹೇಳಲ್ಲ.

ಈಗ ಬೀಪರ್ 90 ದಿನ ಬಾಳಬೇಕು, ಸಾಗರದ ಮೇಲೆ ಹಾರುವ ವಿಮಾನ ಕನಿಷ್ಠ 15 ನಿಮಿಷಕ್ಕೊಮ್ಮೆ ಎಲ್ಲಿದ್ದೀನಿ ಅಂತ ಹೇಳಬೇಕು. ಈ 15 ನಿಮಿಷದ ನಿಯಮ ಬಂದಿದ್ದೇ ಆ 239 ಜನರಿಂದ.

ಸತ್ಯಶೋಧಕ_ಒಬ್ಬ | ಸಂಜೆ 6:20

ದಕ್ಕೆಯವರ ಪೋಸ್ಟ್ ಎರಡು ಸಲ ಓದಿದೆ. ಕ್ಯಾಪ್ಟನ್ ಬಗ್ಗೆ ಬರೆದಿದ್ದನ್ನು ಅಳಿಸಿ ಅಂತ ನಿರ್ವಾಹಕರಿಗೆ ಕೇಳಿದ್ದೀನಿ. ಡಿಯಾಗೊ ಗಾರ್ಸಿಯಾ ಬಗ್ಗೆ ನನ್ನ ಸಂಶಯ ಹಾಗೇ ಇದೆ, ಸುಳ್ಳು ಹೇಳಲ್ಲ.

ನಿರ್ವಾಹಕ | ಸಂಜೆ 6:31

ಅಳಿಸೋದಿಲ್ಲ. ಅಳಿಸಿದರೆ ಕೆಳಗಿನ ಉತ್ತರಗಳು ಯಾವುದಕ್ಕೆ ಅಂತ ಮುಂದೆ ಓದುವವರಿಗೆ ತಿಳಿಯೋದಿಲ್ಲ.

ಜಯನಗರ_ನಾಲ್ಕನೇ_ಬ್ಲಾಕ್ | ರಾತ್ರಿ 8:47

ದಕ್ಕೆಯವರೇ, ಕೇಳಬಹುದೋ ಬಾರದೋ, ಕೇಳ್ತೀನಿ. ಬೋಟು ಸಿಕ್ಕ ಮೇಲೆ ಊರಲ್ಲಿ ಮಾತು ನಿಂತಿತಾ? ಆ ಹೆಂಗಸು ಮತ್ತೆ ಫೋನ್ ಮಾಡಿದರಾ?

ದಕ್ಕೆಯವ | ರಾತ್ರಿ 10:22

ಪಾಕಿಸ್ತಾನದ ಮಾತು ನಿಂತಿತು. ಬೋಟು ಮುಳುಗಿದ್ದು ಹೇಗೆ ಹೇಳುವ ಮಾತು ಈಗಲೂ ಉಂಟು, ದಕ್ಕೆಯಲ್ಲಿ ಚಾ ಕುಡಿಯುವಾಗ ಯಾರಾದ್ರೂ ತೆಗೀತಾರೆ. ನೀವು ಮೊದಲೇ ಹೇಳಿದ್ದೀರಲ್ಲ, ಎರಡು ಪ್ರಶ್ನೆ ಅಂತ. ಒಂದಕ್ಕೆ ಉತ್ತರ ಸಿಕ್ಕಿತು ಅಷ್ಟೆ.

ಅವಳು ಒಮ್ಮೆ ಮಾಡಿದ್ದಳು, ಮೇ ತಿಂಗಳಲ್ಲೇ. ಬೋಟಿನ ಚಿತ್ರ ನನ್ನ ಹತ್ರ ಉಂಟಾ ಕೇಳಿದಳು. ಇತ್ತು, ವಾಟ್ಸಾಪಿಗೆ ಬಂದಿತ್ತು. ಈ ಸಲ ಎಲ್ಲಿಂದ ಬಂತು, ಯಾರು ತೆಗೆದದ್ದು ಹೇಳಿ ನಾನೇ ಮೊದಲು ವಿಚಾರಿಸಿದೆ. ಎರಡು ದಿನ ಹಿಡಿಯಿತು. ಆಮೇಲೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಬೆಳಿಗ್ಗೆ ನಾಲ್ಕಕ್ಕೆ ಐಸ್ ತುಂಬ್ಲಿಕ್ಕೆ ಉಂಟು, ಮಲಗ್ತೇನೆ. ಪರ್ತ್‌ನವರೇ, ವರ್ಷದ ಕೊನೆಗೆ ಆ ಹಡಗು ಪುನಃ ಹೊರಟರೆ ಇಲ್ಲಿ ಒಂದು ಸಾಲು ಹಾಕಿ.

ಪರ್ತ್_ಕನ್ನಡಿಗ | 5 ಏಪ್ರಿಲ್, ಬೆಳಿಗ್ಗೆ 6:05

ಖಂಡಿತ ಹಾಕ್ತೀನಿ ಅಣ್ಣ.